ಮುಳ್ಳಿಗೆ ಹೊಡೆದ ಔಷಧಿ, ಸತ್ತದ್ದು ಮೆಣಸಿನ ಬಳ್ಳಿ

ಹಿತ್ತಲಿಗೆ ಹೊರಗಿನ ಮಣ್ಣು ಹಾಕಿಸುವವರು ಇದನ್ನು ಓದಿ. ಶಿರಸಿ ಸಮೀಪದ ನಮ್ಮ ಮನೆಯಲ್ಲಿ ಬಚ್ಚಲ ಹಿಂದಿನ ತಗ್ಗು ತುಂಬಿಸಲು ಮೂರು ವರ್ಷಗಳ ಹಿಂದೆ ನಾಲ್ಕು ಟಿಪ್ಪರ್ ಮಣ್ಣು ತರಿಸಿದ್ದೆ. ಮಳೆ ಬಿದ್ದ ಹದಿನೈದು ದಿನಕ್ಕೆ ಅದರ ಮೇಲೆ ಹಸಿರು ಎದ್ದಿತು. ಎಲೆ ಮುಟ್ಟಿದರೆ ಮುದುಡಿಕೊಳ್ಳುತ್ತಿತ್ತು. ಮುಟ್ಟಿದರೆ ಮುನಿ ಇರಬೇಕು ಎಂದು ಬಿಟ್ಟುಬಿಟ್ಟೆ.

ಅದು ಮುಟ್ಟಿದರೆ ಮುನಿಯ ಜಗಳಗಂಟ ದಾಯಾದಿ, ಮಿಮೋಸಾ ಡಿಪ್ಲೋಟ್ರಿಕಾ. ಎರಡೂ ಅಮೆರಿಕ ಖಂಡದಿಂದ ಬಂದವು. ಸಣ್ಣದು ನೆಲ ಹಿಡಿದು ಮರ್ಯಾದೆಯಿಂದ ಇರುತ್ತದೆ, ಇದು ಸಿಕ್ಕಿದ್ದನ್ನೆಲ್ಲ ಹತ್ತುತ್ತದೆ. ಮೂಲೆ ಮೂಲೆಯಾಗಿರುವ ದಂಟಿನ ಅಂಚುಗಳ ಉದ್ದಕ್ಕೂ ಹಿಂದಕ್ಕೆ ಬಾಗಿದ ಮುಳ್ಳುಗಳು. ಕೈ ಒಳಗೆ ಹಾಕುವುದು ಸುಲಭ, ಹೊರಗೆ ತೆಗೆಯುವಾಗ ಚರ್ಮ ಅಲ್ಲೇ ಉಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಬಸಳೆ ಚಪ್ಪರದ ಅರ್ಧ ಅದರ ಪಾಲಾಗಿತ್ತು.

ಬೇಸಿಗೆಯಲ್ಲಿ ಕಡಿದು ಒಟ್ಟಿ ಒಣಗಿಸಿ ಬೆಂಕಿ ಇಟ್ಟೆ. ಎಂಥ ಸಮಾಧಾನ! ಆಯಿ ಮಾತ್ರ ಜಗುಲಿಯಿಂದಲೇ, "ಬೀಜ ಉದುರಿದ ಮೇಲೆ ಬೆಂಕಿ ಹಾಕಿ ಏನು ಪ್ರಯೋಜನ?" ಎಂದಳು. ಪ್ರಯೋಜನವಿಲ್ಲದ್ದಷ್ಟೇ ಅಲ್ಲ, ನಷ್ಟವಾಯಿತು. ಈ ಬೀಜದ ಹೊರಗಿನ ಕವಚ ಗಟ್ಟಿ. ನೀರು ಒಳಗೆ ಇಳಿಯದೆ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿರುತ್ತದೆ. ಬೆಂಕಿಯ ಕಾವಿಗೆ ಕವಚ ಬಿರುಕು ಬಿಟ್ಟರೆ ಮುಂದಿನ ಮಳೆಗೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಜೂನ್‌ನಲ್ಲಿ ಬೂದಿ ಬಿದ್ದ ಜಾಗದಲ್ಲಿ ಸಸಿಮಡಿ ಮಾಡಿದಂತೆ ಒತ್ತೊತ್ತಾಗಿ ಬಂದವು.

ಆಗ ಕಿತ್ತಿದ್ದರೂ ಮುಗಿಯುತ್ತಿತ್ತು. ಮೆತ್ತನೆಯ ಮಣ್ಣು, ಗೇಣುದ್ದದ ಸಸಿ. ಆದರೆ ನಾನು ಅಂಗಡಿಗೆ ಹೋದೆ. ಅಲ್ಲಿಯವರು ಚೀಟಿಯಿಲ್ಲದ ಬಾಟಲಿಗೆ ಗ್ಲೈಫೋಸೇಟ್ ಎಂಬ ಕಳೆನಾಶಕ ಸುರಿದು, "ಪಂಪಿಗೆ ಎರಡು ಮುಚ್ಚಳ ಹಾಕಿ, ಬೇರು ಸಮೇತ ಹೋಗುತ್ತದೆ" ಎಂದರು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ ಇದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರು ಮಾತ್ರ ಸಿಂಪಡಿಸಬೇಕು. ಅದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಸಲ ಏನೂ ಆಗಲಿಲ್ಲ. ಹಳ್ಳದ ಕೆಂಪು ನೀರಿನಲ್ಲಿ ಬೆರೆಸಿದ್ದೆ. ಈ ಔಷಧಿ ಮಣ್ಣಿನ ಕಣಕ್ಕೆ ಅಂಟಿಕೊಂಡು ಅಲ್ಲಿಯೇ ನಿಷ್ಕ್ರಿಯವಾಗುತ್ತದೆ. ಮೇಲಾಗಿ ಎಲೆ ಹೀರಿಕೊಳ್ಳಲು ಸುಮಾರು ಆರು ತಾಸು ಮಳೆ ಇರಬಾರದು. ಆಗಸ್ಟ್‌ನಲ್ಲಿ ನಮ್ಮಲ್ಲಿ ಆರು ತಾಸು ಮಳೆ ಬಿಡುವುದೆಂದರೆ ಊರಿಗೇ ಸುದ್ದಿ. ಇದು ಗೊತ್ತಿಲ್ಲದ ನಾನು ಔಷಧಿ ಸಾಲಲಿಲ್ಲ ಎಂದುಕೊಂಡೆ. ಮುಂದಿನ ವಾರ ಹೊಳವಾದ ದಿನ, ಬಾವಿಯ ತಿಳಿನೀರಿಗೆ ನಾಲ್ಕು ಮುಚ್ಚಳ ಹಾಕಿ ಹೊಡೆದೆ. ಸಣ್ಣ ಗಾಳಿ ಇತ್ತು. ಸೆಕೆಗೆ ಅದು ಹಿತವಾಗಿಯೇ ಕಂಡಿತ್ತು.

ಹತ್ತು ದಿನಕ್ಕೆ ಮುಳ್ಳು ಹಳದಿಯಾಯಿತು. ಅದರ ಜೊತೆಗೆ ಅಡಿಕೆ ಮರಕ್ಕೆ ಹಬ್ಬಿಸಿದ್ದ ಎರಡು ವರ್ಷದ ಮೆಣಸಿನ ಬಳ್ಳಿಗಳ ಚಿಗುರೂ ಬಣ್ಣಗೆಟ್ಟಿತು. ಹೊಸ ಎಲೆಗಳು ಅಗಲವೇ ಇಲ್ಲದೆ ದಾರದಂತೆ ಬಂದು ಅಲ್ಲಿಗೇ ನಿಂತವು. ಬಾಳೆಯ ಹಿಳ್ಳುಗಳಿಗೆ ತಗುಲಿದ್ದು ಗಡ್ಡೆಯ ಮೂಲಕ ತಾಯಿಗಿಡಕ್ಕೂ ಇಳಿದು, ಗೊನೆ ಹಾಕಬೇಕಿದ್ದ ಎರಡು ಬಾಳೆ ಹಾಗೆಯೇ ಬಾಡಿದವು. ಒಂಬತ್ತು ಬಳ್ಳಿ ಹೋದವು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ: ಬಸಳೆಗೂ ಹನಿ ತಗುಲಿದ್ದು ಗೊತ್ತಾಗುವ ಮೊದಲೇ ಆ ವಾರ ಎರಡು ಸಲ ಬಸಳೆ ಹುಳಿ ಮಾಡಿ ಉಂಡಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಮೇಲೆ ಆಯಿ ಚಪ್ಪರದ ಕಡೆಗೆ ಹೋಗಲೇ ಇಲ್ಲ. ನನ್ನನ್ನು ಬೈಯಲೂ ಇಲ್ಲ.

ನಿಮ್ಮ ಹಿತ್ತಲಿಗೆ ಇದು ಬಂದಿದ್ದರೆ ಜೂನ್, ಜುಲೈನಲ್ಲಿ ನೆಲ ಹಸಿ ಇರುವಾಗಲೇ ಬುಡ ಹಿಡಿದು ಕೀಳಿ. ದಪ್ಪ ಕೈಗವಸು ಬೇಕೇ ಬೇಕು. ನಾನು ಗೋಣಿಚೀಲ ಸುತ್ತಿಕೊಂಡು ನೋಡಿದ್ದೇನೆ, ಸಾಲುವುದಿಲ್ಲ. ನಸುಗೆಂಪು ಹೂವಿನ ಉಂಡೆ ಕಂಡಿತೆಂದರೆ ಅದೇ ದಿನ ಕತ್ತರಿಸಿ. ಕಾಯಿ ಬಲಿತ ಮೇಲೆ ತುಂಡು ತುಂಡಾಗಿ ಮುರಿದು, ಮೇಲಿನ ಬಿರುಗೂದಲಿನಿಂದ ಪಂಚೆಗೆ, ದನದ ಮೈಗೆ ಅಂಟಿ ಕೊಟ್ಟಿಗೆಯವರೆಗೂ ಬರುತ್ತದೆ. ಕಾಯಿ ಬಿಟ್ಟ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಕಿತ್ತ ಜಾಗಕ್ಕೆ ದರಕು, ಅಂದರೆ ಒಣಗಿದ ಎಲೆ, ದಪ್ಪವಾಗಿ ಹೊದಿಸಿದರೆ ಹೊಸ ಸಸಿ ಏಳುವುದು ಕಡಿಮೆ. ಪೂರ್ತಿ ನಿಲ್ಲುವುದಿಲ್ಲ.

ಆ ಪಂಪನ್ನು ಎಷ್ಟು ಸಲ ತೊಳೆದರೂ ಧೈರ್ಯ ಬರಲಿಲ್ಲ. ಪಕ್ಕದ ಮನೆಯ ಭಾವ ತರಕಾರಿಗೆ ಬೇವಿನೆಣ್ಣೆ ಹೊಡೆಯಲು ಕೇಳಿದಾಗ ಕೊಡಲಿಲ್ಲ, ಜಿಪುಣ ಎಂದುಕೊಂಡಿರಬಹುದು. ಈ ಜೂನ್‌ನಲ್ಲಿ ಎರಡು ಹೆಡಿಗೆ ಸಸಿ ಕಿತ್ತೆವು. ಆಯಿಯೂ ಬಂದಿದ್ದಳು, ಸ್ಟೂಲ್ ಹಾಕಿಕೊಂಡು ಕುಳಿತು.