ಶೀಟ್ ಹೋಯಿತು, ದುಡ್ಡು ಬರಲಿಲ್ಲ: ಲೀಡ್ ಮಾರುವ ಸಣ್ಣ ವೆಬ್‌ಸೈಟ್‌ಗಳಿಗೆ ಒಂದು ಎಚ್ಚರಿಕೆ

ಕನ್ನಡದಲ್ಲಿ ಸಣ್ಣದಾಗಿ ವೆಬ್‌ಸೈಟ್ ನಡೆಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶಿಕ್ಷಣ, ಉದ್ಯೋಗ, ಸೈಟು-ಮನೆ, ಆರೋಗ್ಯ, ನಿಮ್ಮ ವಿಷಯ ಯಾವುದೇ ಇರಲಿ. ಒಂದಿಷ್ಟು ಓದುಗರು ಸೇರಿದ ಕೂಡಲೇ ಯಾರೋ ಒಬ್ಬರು ಫೋನ್ ಮಾಡುತ್ತಾರೆ. "ಬ್ಯಾನರ್ ಜಾಹೀರಾತಿನಲ್ಲಿ ಏನ್ ಸಿಗುತ್ತೆ ಸರ್? ಲೀಡ್ ಕೊಡಿ, ಅಂದರೆ ವಿಚಾರಿಸುವ ಓದುಗರ ಹೆಸರು, ನಂಬರ್. ಒಂದೊಂದು ಲೀಡ್‌ಗೂ ದುಡ್ಡು ಕೊಡ್ತೀವಿ" ಅನ್ನುತ್ತಾರೆ.

ಅವರ ಮಾತೇನೂ ಸುಳ್ಳಲ್ಲ. ಕನ್ನಡ ಪುಟಗಳಿಗೆ ಬ್ಯಾನರ್‌ನಿಂದ ಬರುವ ಹಣ ನಿಜವಾಗಿಯೂ ಕಡಿಮೆ. ಲೀಡ್ ಲೆಕ್ಕದಲ್ಲಿ ಮಾರಿದರೆ ಜಾಸ್ತಿ ಬರುತ್ತದೆ, ಅದೂ ನಿಜ. ಆದರೆ ಜಾಗ ಮಾರುವುದಕ್ಕೂ ಲೀಡ್ ಮಾರುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಬ್ಯಾನರ್ ಹಾಕಿದವರು ದುಡ್ಡು ಕೊಡದಿದ್ದರೆ ಬ್ಯಾನರ್ ತೆಗೆದುಹಾಕಬಹುದು. ಲೀಡ್ ಅಂದರೆ ಓದುಗರ ಹೆಸರು ಮತ್ತು ಫೋನ್ ನಂಬರ್. ಅದನ್ನು ಕೊಟ್ಟಾದ ಮೇಲೆ ವಾಪಸ್ ತೆಗೆದುಕೊಳ್ಳೋದು ಹೇಗೆ?

ನಾನು ಮತ್ತು ನನ್ನ ಗೆಳೆಯ ಸೇರಿ ಪಿಯುಸಿ, ಡಿಪ್ಲೊಮಾ, ಸಿಇಟಿ, ವಿದ್ಯಾರ್ಥಿವೇತನದ ಬಗ್ಗೆ ಕನ್ನಡದಲ್ಲಿ ಮಾಹಿತಿ ಕೊಡುವ ಸೈಟ್ ನಡೆಸುತ್ತೇವೆ. ಏಪ್ರಿಲ್‌ನಿಂದ ಜುಲೈವರೆಗೆ ನಮಗೆ ಜಾತ್ರೆ. ಪಿಯುಸಿ ಫಲಿತಾಂಶ, ಸಿಇಟಿ, ಕಾಮೆಡ್-ಕೆ, ಆಪ್ಷನ್ ಎಂಟ್ರಿ ಅಂತ ಜನ ಬರುತ್ತಲೇ ಇರುತ್ತಾರೆ. ಅಂಥ ಹೊತ್ತಿನಲ್ಲೇ ಬೆಂಗಳೂರಿನ ಒಂದು ಏಜೆನ್ಸಿ ಬಂತು. ಕೆಲವು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಅಡ್ಮಿಷನ್ ಪ್ರಚಾರ ತಮ್ಮ ಕೈಯಲ್ಲಿದೆ ಎಂದರು. ಏಜೆನ್ಸಿಯ ಹೆಸರು ಇಲ್ಲಿ ಬರೆಯುವುದಿಲ್ಲ. ವ್ಯವಹಾರ ಇನ್ನೂ ಮುಗಿದಿಲ್ಲ. ಅದೂ ಅಲ್ಲದೆ, ಇದೇ ರೀತಿ ನಡೆದುಕೊಳ್ಳುವವರು ಅವರೊಬ್ಬರೇ ಅಲ್ಲ ಅಂತ ಆಮೇಲೆ ಬೇರೆ ಸೈಟಿನವರಿಂದ ತಿಳಿಯಿತು.

ಒಪ್ಪಂದ ಎರಡು ಪುಟದ್ದು. ಅದರಲ್ಲಿದ್ದ ಒಂದು ಸಾಲು ಹೀಗಿತ್ತು: ಜಾಹೀರಾತುದಾರರು ಪರಿಶೀಲಿಸಿ ಒಪ್ಪಿದ ಲೀಡ್‌ಗಳಿಗೆ ಮಾತ್ರ ಹಣ. ಓದಲು ನ್ಯಾಯವಾಗಿಯೇ ಕಾಣುತ್ತದೆ ಅಲ್ವಾ? ಸುಳ್ಳು ನಂಬರಿಗೆ ಯಾರು ದುಡ್ಡು ಕೊಡುತ್ತಾರೆ? ಆದರೆ ಪರಿಶೀಲನೆ ಅಂದರೆ ಏನು, ಎಷ್ಟು ದಿನದೊಳಗೆ, ತಿರಸ್ಕರಿಸಿದರೆ ಕಾರಣಕ್ಕೆ ಆಧಾರ ಏನು, ಇದ್ಯಾವುದೂ ಅಲ್ಲಿ ಇರಲಿಲ್ಲ. ಮಾಲು ಕೊಂಡುಕೊಳ್ಳುವವರೇ ತಕ್ಕಡಿ ಹಿಡಿದಿದ್ದರು.

ಮೊದಲ ಬಿಲ್ಲು ಚಿಕ್ಕದು. ಹಣ ಟೈಮಿಗೆ ಸರಿಯಾಗಿ ಬಂತು. ಇದನ್ನು ಗಮನದಲ್ಲಿಡಿ, ಎಲ್ಲ ಕಡೆಯೂ ಹೀಗೇ ಶುರುವಾಗುತ್ತದಂತೆ. ಆಮೇಲೆ "ಸರ್, ಲಿಮಿಟ್ ತೆಗೆದುಬಿಡಿ, ಎಷ್ಟು ಬಂದರೂ ಕಳಿಸಿ" ಎಂದರು. ಸೀಸನ್ ಜೋರಾಗಿತ್ತು. ಓದುಗರು ಫಾರ್ಮ್ ತುಂಬಿದ ಕೂಡಲೇ ಲೀಡ್‌ಗಳು ಅವರ ಗೂಗಲ್ ಶೀಟ್‌ಗೆ ನೇರವಾಗಿ ಹೋಗುತ್ತಿದ್ದವು. ದೊಡ್ಡ ಬಿಲ್ಲು ಕಳಿಸಿದ ಮೇಲೆ ದನಿ ಬದಲಾಯಿತು. "ಕ್ವಾಲಿಟಿ ಬರ್ತಿಲ್ಲ ಸರ್. ಕ್ಲೈಂಟ್ ಗಲಾಟೆ ಮಾಡ್ತಿದ್ದಾರೆ."

ತಿಂಗಳು ಕಳೆದ ಮೇಲೆ ತಿರಸ್ಕರಿಸಿದ ಲೀಡ್‌ಗಳ ಪಟ್ಟಿ ಬಂತು. ಅರ್ಧಕ್ಕಿಂತ ಜಾಸ್ತಿ ಅದರಲ್ಲೇ ಇದ್ದವು. ಕಾರಣಗಳನ್ನು ನೋಡಿದರೆ ಈ ದಂಧೆಯ ಒಳಗುಟ್ಟು ಅರ್ಥವಾಗುತ್ತದೆ.

ಒಂದು ಕಾರಣ, "ಫೋನ್ ಎತ್ತಲಿಲ್ಲ." ಹುಡುಗ ಫಾರ್ಮ್ ತುಂಬಿದ ದಿನವೇ ಫೋನ್ ಮಾಡಿದರೆ ಎತ್ತುತ್ತಾನೆ. ಎರಡು ವಾರ ಬಿಟ್ಟು ಅಪರಿಚಿತ ನಂಬರಿನಿಂದ ಮಾಡಿದರೆ ಯಾರು ಎತ್ತುತ್ತಾರೆ? ಅವರ ಟೆಲಿಕಾಲರ್‌ಗಳು ತಡ ಮಾಡಿದ್ದಕ್ಕೆ ನಮ್ಮ ಲೀಡ್ ಕೆಟ್ಟದ್ದು ಅಂತ ಆಯಿತು. ಇನ್ನೊಂದು, "ಡುಪ್ಲಿಕೇಟ್." ಅಂದರೆ ಆ ನಂಬರ್ ತಮ್ಮ ಬಳಿ ಮೊದಲೇ ಇತ್ತು ಎಂದು. ಇರಬಹುದು. ಆದರೆ ಅದಕ್ಕೆ ಅವರ ಬಾಯಿಮಾತೇ ಸಾಕ್ಷಿ. ನಮ್ಮಿಂದ ಸೋಮವಾರ ಹೋದ ನಂಬರನ್ನು ಭಾನುವಾರವೇ ಇತ್ತು ಅಂದರೆ ನಾವು ಏನು ಮಾಡೋಣ? ಮೂರನೆಯದು, "ಆಸಕ್ತಿ ಇಲ್ಲ." ಫಾರ್ಮ್ ತುಂಬುವಾಗ ಆಸಕ್ತಿ ಇತ್ತು. ಡೊನೇಷನ್ ಎಷ್ಟು ಅಂತ ಕೇಳಿದ ಮೇಲೆ ಹೋಯಿತು. ಅದು ಕಾಲೇಜಿನ ಬೆಲೆಯ ಸಮಸ್ಯೆ, ಲೀಡ್‌ನದ್ದಲ್ಲ.

ನಾಲ್ಕನೆಯ ಕಾರಣದಲ್ಲಿ ಅವರು ಸಿಕ್ಕಿಬಿದ್ದರು. "ನಂಬರ್ ಚಾಲ್ತಿಯಲ್ಲಿಲ್ಲ."

ದುಡ್ಡಿನ ಬಗ್ಗೆ ಅನುಮಾನ ಬಂದ ಮೇಲೆ ನನ್ನ ಗೆಳೆಯ ಒಂದು ಉಪಾಯ ಮಾಡಿದ್ದ. ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೆಯ ಸಿಮ್‌ಗಳ ನಂಬರುಗಳನ್ನು, ಇಲ್ಲದ ಹುಡುಗರ ಹೆಸರಿನಲ್ಲಿ, ಫಾರ್ಮ್‌ಗೆ ಹಾಕಿದ್ದ. ಆ ನಂಬರುಗಳನ್ನು ಬೇರೆ ಎಲ್ಲಿಯೂ ಕೊಟ್ಟಿರಲಿಲ್ಲ. ಅವುಗಳಿಗೆ ಬಿಲ್ಲನ್ನೂ ಹಾಕಲಿಲ್ಲ. ಯಾವ ನಂಬರ್ ಯಾವ ಹೆಸರು ಅಂತ ಮೊದಲೇ ನಮಗೆ ನಾವೇ ಇಮೇಲ್ ಮಾಡಿಕೊಂಡಿದ್ದೆವು, ಮುಂದೆ ವಾದ ಬಂದರೆ ತಾರೀಖು ಇರಲಿ ಅಂತ. ಈ ಸಿಮ್‌ಗಳಲ್ಲಿ ಒಂದಕ್ಕೆ ಅವರ ಟೆಲಿಕಾಲರ್ ಫೋನ್ ಮಾಡಿ ಚೆನ್ನಾಗಿ ಮಾತಾಡಿದ್ದಳು, ಕಾಲೇಜಿಗೆ ಬನ್ನಿ ಅಂತ ಕರೆದಿದ್ದಳು. ಅದೇ ನಂಬರ್ ಪಟ್ಟಿಯಲ್ಲಿ ಚಾಲ್ತಿಯಲ್ಲಿಲ್ಲ ಅಂತ ಬಂದಿತ್ತು!

ಅಷ್ಟೇ ಆಗಿದ್ದರೆ ದುಡ್ಡಿನ ಜಗಳ ಅನ್ನಬಹುದಿತ್ತು. ಅದೇ ಸಿಮ್‌ಗಳಿಗೆ ಆಮೇಲೆ ಬೇರೆ ಕರೆಗಳು ಶುರುವಾದವು. ಬೇರೆ ರಾಜ್ಯದ ನರ್ಸಿಂಗ್ ಕಾಲೇಜು, ಆನ್‌ಲೈನ್ ಕೋಚಿಂಗ್, ಶಿಕ್ಷಣ ಸಾಲ ಕೊಡಿಸುವವರು. ಎಲ್ಲರೂ ಆ ಇಲ್ಲದ ಹುಡುಗನನ್ನೇ ಹೆಸರು ಹಿಡಿದು ಕೇಳಿದರು. ನಮಗೆ ಕೆಟ್ಟ ಲೀಡ್ ಅಂತ ಹೇಳಿ ದುಡ್ಡು ಕೊಡದೆ, ಅದನ್ನೇ ಇನ್ನೊಬ್ಬರಿಗೆ ದಾಟಿಸಿದ್ದರು.

ಇದಕ್ಕಿಂತ ಹೆಚ್ಚು ನೋವಾಗಿದ್ದು ಓದುಗರ ಕರೆಗಳಿಂದ. ಹಿರಿಯೂರು ಕಡೆಯ ಒಬ್ಬ ತಂದೆ ನೇರವಾಗಿ ಕೇಳಿದರು. "ಏನ್ರೀ, ಕನ್ನಡದಲ್ಲಿ ಬರೀತೀರಿ ಅಂತ ನಂಬಿ ಮಗಳ ವಿವರ ಕೊಟ್ಟೆ. ಬೆಳಗ್ಗೆ ಎದ್ದರೆ ಸೀಟು ಬೇಕಾ ಅಂತ ಫೋನು. ಹೊಲದಲ್ಲಿದ್ದಾಗಲೂ ಫೋನು. ನೀವೇ ಮಾರಿದ್ದಲ್ವಾ?" ಅವರಿಗೆ ಏಜೆನ್ಸಿ ಯಾರು ಅಂತ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅವರು ನಂಬರ್ ಕೊಟ್ಟಿದ್ದು ನಮ್ಮ ಪುಟ ನೋಡಿ.

ಈಗ ತೆರಿಗೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆನ್‌ಲೈನ್ ಜಾಹೀರಾತು ಸೇವೆಗೆ 18 ಶೇಕಡಾ ಜಿಎಸ್‌ಟಿ. ನೀವು ನೋಂದಣಿ ಮಾಡಿಸಿದ್ದರೆ, ಬಿಲ್ಲು ಹಾಕಿದ ಮೇಲೆ ಆ ಅವಧಿಯ ತೆರಿಗೆ ಕಟ್ಟಲೇಬೇಕು. ಗಿರಾಕಿ ದುಡ್ಡು ಕೊಟ್ಟರೋ ಇಲ್ಲವೋ ಇಲಾಖೆಗೆ ಸಂಬಂಧ ಇಲ್ಲ. 1 ಲಕ್ಷದ ಬಿಲ್ಲು ಅಂದರೆ 18,000 ರೂಪಾಯಿ ನಿಮ್ಮ ಜೇಬಿನಿಂದ ಮೊದಲು ಹೋಗುತ್ತದೆ. ಹಣ ಬರಲಿಲ್ಲ ಅಂತ ಕ್ರೆಡಿಟ್ ನೋಟ್ (ಹಾಕಿದ ಬಿಲ್ಲಿನ ಮೊತ್ತ ಇಳಿಸುವ ಚೀಟಿ) ಮಾಡುವಂತಿಲ್ಲ. ಸೇವೆಯಲ್ಲಿ ಕೊರತೆ ಇತ್ತು ಅಂತ ಬಿಲ್ಲಿನ ಮೊತ್ತ ಇಳಿಸಿದರೆ ಮಾತ್ರ ಕ್ರೆಡಿಟ್ ನೋಟ್. ಅದಕ್ಕೂ ಗಡುವು ಇದೆ: ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30. "ನೋಡೋಣ ಸರ್, ಕ್ಲೈಂಟ್ ಹತ್ತಿರ ಮಾತಾಡ್ತಿದ್ದೀವಿ" ಅಂತ ಅವರು ಆ ತಾರೀಖು ದಾಟಿಸಿಬಿಟ್ಟರೆ, ಒಪ್ಪಿಕೊಳ್ಳದ ಲೀಡ್‌ಗಳ ಮೇಲಿನ ತೆರಿಗೆಯೂ ನಿಮ್ಮ ತಲೆಗೇ. ಹಾಗಾಗಿ ಲೀಡ್ ಎಷ್ಟು ಒಪ್ಪಿದ್ದೀರಿ ಅಂತ ಇಮೇಲ್‌ನಲ್ಲಿ ಬರೆಸಿಕೊಂಡ ಮೇಲೆಯೇ ತೆರಿಗೆ ಬಿಲ್ಲು ಹಾಕುವ ಪದ್ಧತಿಗೆ ಈಗ ಬಂದಿದ್ದೇವೆ. ಅಲ್ಲಿಯವರೆಗೆ ಬರೀ ಪ್ರೊಫಾರ್ಮಾ, ಅಂದರೆ ತೆರಿಗೆ ಲೆಕ್ಕಕ್ಕೆ ಬರದ ಕರಡು ಬಿಲ್ಲು. ಸೇವೆ ಮುಗಿದ ಮೇಲೆ ತೆರಿಗೆ ಬಿಲ್ಲಿಗೆ 30 ದಿನದ ಮಿತಿ ಇರುವುದರಿಂದ ಇದನ್ನೂ ಎಳೆದಾಡಲು ಬಿಡಬಾರದು.

ತೆರಿಗೆಯಿಂದಲೇ ನಮಗೆ ಒಂದು ಉಪಕಾರವೂ ಆಯಿತು. ಜಾಹೀರಾತಿನ ಬಿಲ್ಲಿನ ಮೇಲೆ ಏಜೆನ್ಸಿಯವರು ಟಿಡಿಎಸ್ ಹಿಡಿಯಬೇಕು, ಅಂದರೆ ನಮಗೆ ಕೊಡುವ ಹಣದಲ್ಲಿ ಒಂದು ಪಾಲು ಮುರಿದು ನಮ್ಮ ಹೆಸರಿನಲ್ಲಿ ಆದಾಯ ತೆರಿಗೆ ಕಟ್ಟಬೇಕು. ಹಣ ಪಡೆಯುವವರು ವ್ಯಕ್ತಿಯಾದರೆ 1 ಶೇಕಡಾ, ಪಾಲುದಾರಿಕೆ ಅಥವಾ ಕಂಪನಿಯಾದರೆ 2. ನಮ್ಮ ಆಡಿಟರ್ 26ಎಎಸ್ (ನಮ್ಮ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಕಟ್ಟಿದ್ದಾರೆ ಅನ್ನುವ ಇಲಾಖೆಯ ಪಟ್ಟಿ) ತೆಗೆದು ನೋಡಿದರೆ, ಪೂರ್ತಿ ಬಿಲ್ಲಿನ ಮೇಲೆ ಟಿಡಿಎಸ್ ಕಟ್ಟಿದ್ದರು! ಅರ್ಧಕ್ಕಿಂತ ಜಾಸ್ತಿ ಲೀಡ್ ಬೇಡ ಅಂದವರು ತಮ್ಮ ಪುಸ್ತಕದಲ್ಲಿ ಮಾತ್ರ ಇಡೀ ಬಿಲ್ಲನ್ನು ಖರ್ಚು ತೋರಿಸಿದ್ದರು. ಇದೊಂದೇ ಸಾಕ್ಷಿ ಸಾಕು ಅಂತ ಯಾವ ವಕೀಲರೂ ಹೇಳುವುದಿಲ್ಲ. ಆದರೆ ಆ ಪುಟ ಕಳಿಸಿದ ದಿನದಿಂದ ಆ ಕಡೆಯವರು ಫೋನ್ ಎತ್ತಲು ಶುರು ಮಾಡಿದರು. ನಿಮ್ಮದೂ ಬಾಕಿ ಇದ್ದರೆ ಇವತ್ತೇ 26ಎಎಸ್ ನೋಡಿ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇಲ್ಲದಿದ್ದರೆ ಮಾಡಿಸಿಕೊಳ್ಳಿ, ದುಡ್ಡು ಖರ್ಚಿಲ್ಲ. ಯಾರಾದರೂ ದುಡ್ಡು ಕೇಳಿದರೆ ಅದು ಬೇರೆಯೇ ಮೋಸ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಬಾಕಿಯನ್ನು 45 ದಿನದೊಳಗೆ ಕೊಡಬೇಕು. ಒಪ್ಪಂದದಲ್ಲಿ 90 ದಿನ ಅಂತ ಬರೆದಿದ್ದರೂ ಅದು ನಡೆಯುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ರಾಜ್ಯದ ಮಂಡಳಿಯ ಮುಂದೆ ಹೋಗುತ್ತದೆ. ಅಲ್ಲಿ ಸೋತು ಕೋರ್ಟಿಗೆ ಹೋಗಬೇಕಾದರೆ ಅವರು 75 ಶೇಕಡಾ ಹಣ ಮೊದಲೇ ಕಟ್ಟಬೇಕು. ಏಜೆನ್ಸಿಗಳು ನಿಜವಾಗಿ ಹೆದರುವುದು ಇದಕ್ಕೆ. ಒಂದು ಷರತ್ತು: ನೋಂದಣಿ ವ್ಯವಹಾರಕ್ಕೆ ಮೊದಲೇ ಇರಬೇಕು. ಆಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ಅದನ್ನು ಹಿಡಿದು ಹೋಗುವುದು ಕಷ್ಟ.

ಈಗ ನಾವು ಲೀಡ್ ಮಾರುವುದನ್ನೇ ಬಿಟ್ಟಿದ್ದೇವೆಯೇ? ಇಲ್ಲ. ಹೊಟ್ಟೆಪಾಡು ನಡೆಯಬೇಕಲ್ಲ. ಆದರೆ ಮಾರುವ ರೀತಿ ಬೇರೆ. ಏಜೆನ್ಸಿ ಬೇಡ, ಕಾಲೇಜಿನವರೇ ಬರಲಿ ಅನ್ನುತ್ತೇವೆ. ನಡುವೆ ಕೈ ಹೆಚ್ಚಿದಷ್ಟೂ ನಂಬರ್ ಸೋರುತ್ತದೆ. ಫಾರ್ಮ್ ನಮ್ಮ ಪುಟದಲ್ಲೇ ಇರಬೇಕು. ಅವರ ಪುಟಕ್ಕೆ ಕಳಿಸಿದರೆ ಎಷ್ಟು ಜನ ತುಂಬಿದರು ಅನ್ನುವ ಲೆಕ್ಕವೂ ಅವರದ್ದೇ ಆಗುತ್ತದೆ. ಒಳ್ಳೆಯ ಲೀಡ್ ಅಂದರೆ ಏನು ಅಂತ ಮೊದಲೇ ಬರೆಯುತ್ತೇವೆ: ಒಟಿಪಿ ಹಾಕಿ ಖಾತ್ರಿಯಾದ ನಂಬರ್, ಇಂಥ ಜಿಲ್ಲೆ, ಪಿಯುಸಿ ವಿಜ್ಞಾನ, ಇಂಥ ಕಾಲೇಜಿನ ಬಗ್ಗೆ ಕೇಳಿದವರು. ಇಷ್ಟಿದ್ದರೆ ದುಡ್ಡು ಕೊಡಬೇಕು. ಅವರು ಸೇರಿದರೋ ಇಲ್ಲವೋ ನಮಗೆ ಸಂಬಂಧ ಇಲ್ಲ. ತಿರಸ್ಕರಿಸುವುದಾದರೆ ಮೂರು ಕೆಲಸದ ದಿನದೊಳಗೆ, ಕರೆಯ ದಾಖಲೆ ಸಮೇತ. ಗಡುವು ದಾಟಿದರೆ ಒಪ್ಪಿದಂತೆ. ಡುಪ್ಲಿಕೇಟ್ ಅನ್ನುವವರು ತಮ್ಮ ಹಳೆಯ ನಂಬರುಗಳ ಹ್ಯಾಶ್ ಪಟ್ಟಿ ಮೊದಲೇ ಕೊಡಬೇಕು. ಹ್ಯಾಶ್ ಅಂದರೆ ನಂಬರನ್ನು ಗುರುತು ಸಿಗದ ಅಕ್ಷರಗಳಾಗಿ ಬದಲಿಸಿದ್ದು. ಎರಡೂ ಕಡೆ ಹೋಲಿಸಿದರೆ ಒಂದೇ ನಂಬರೋ ಅಲ್ಲವೋ ತಿಳಿಯುತ್ತದೆ, ಬರೀ ಪಟ್ಟಿ ನೋಡಿದವರಿಗೆ ನಂಬರ್ ಕಾಣುವುದಿಲ್ಲ. ಹಣ ಮುಂಗಡ. ಮುಂಗಡ ಮುಗಿದರೆ ಫಾರ್ಮ್ ತಾನಾಗಿ ನಿಲ್ಲುತ್ತದೆ. ಇದಕ್ಕೆಲ್ಲ ಒಪ್ಪದವರು ತುಂಬಾ ಜನ. ಹೋಗಲಿ ಬಿಡಿ.

ಇನ್ನೊಂದು ವಿಷಯದಲ್ಲಿ ಯಾವ ಚೌಕಾಶಿಯೂ ಬೇಡ. ಆ ಏಜೆನ್ಸಿ ನಡುವೆ ಒಮ್ಮೆ, ಫಾರ್ಮ್‌ನಲ್ಲಿ ಸಿಇಟಿ ನೋಂದಣಿ ಸಂಖ್ಯೆಯನ್ನೂ ಕೇಳಿ ಎಂದಿತ್ತು, ಲೀಡ್‌ಗೆ ಜಾಸ್ತಿ ರೇಟು ಕೊಡುತ್ತೇವೆ ಅಂತ. ನಾವು ಕೇಳಲಿಲ್ಲ. ಸಿಇಟಿ ಫಲಿತಾಂಶ ನೋಡಲು ಆ ಸಂಖ್ಯೆ ಮತ್ತು ಹೆಸರಿನ ಮೊದಲ ನಾಲ್ಕು ಅಕ್ಷರ ಸಾಕು. ಅಂದರೆ ಹುಡುಗನ ರ‍್ಯಾಂಕ್ ಅವನ ಅಪ್ಪನಿಗಿಂತ ಮೊದಲು ದಲ್ಲಾಳಿಗೆ ಗೊತ್ತಾಗುತ್ತದೆ. 2024ರ ಕೌನ್ಸೆಲಿಂಗ್‌ನಲ್ಲಿ ಸೀಟ್ ಬ್ಲಾಕಿಂಗ್ (ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವುದು) ಪ್ರಕರಣ ಪೊಲೀಸರವರೆಗೆ ಹೋಗಿದ್ದು ಎಲ್ಲರಿಗೂ ನೆನಪಿರಬೇಕು. ಅಂಥ ವಿವರ ಯಾರಿಗೂ ಕೊಡಬೇಡಿ, ಕೂಡಿಯೂ ಇಡಬೇಡಿ.

ಪಿಯುಸಿ ಮಕ್ಕಳಲ್ಲಿ ಎಷ್ಟೋ ಜನಕ್ಕೆ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಪ್ರಕಾರ 18ರ ಒಳಗಿನವರ ವಿವರ ಪಡೆಯಲು ತಂದೆತಾಯಿಯ ಒಪ್ಪಿಗೆ ಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ. ಒಪ್ಪಿಗೆಗೆ ಸಂಬಂಧಿಸಿದ ಭಾಗಕ್ಕೆ 18 ತಿಂಗಳ ಕಾಲಾವಕಾಶ ಇದೆ. ದಂಡದ ಮಿತಿ ಕೋಟಿಗಳಲ್ಲಿದೆ. ಅಲ್ಲಿಯವರೆಗೆ ಕಾಯದೆ ನಾವು ಈಗಲೇ ಫಾರ್ಮ್‌ನಲ್ಲಿ ಪೋಷಕರ ನಂಬರ್ ಮಾತ್ರ ತೆಗೆದುಕೊಳ್ಳುತ್ತೇವೆ. ಯಾವ ಕಾಲೇಜಿನವರು ಫೋನ್ ಮಾಡುತ್ತಾರೆ ಅಂತ ಹೆಸರು ಸಮೇತ ದಪ್ಪ ಅಕ್ಷರದಲ್ಲಿ ಬರೆಯುತ್ತೇವೆ. ಸಣ್ಣ ಅಕ್ಷರದಲ್ಲಿ "ನಮ್ಮ ಪಾಲುದಾರರು" ಅಂತ ಬರೆದು ಮುಗಿಸುವುದಿಲ್ಲ. ಇದರಿಂದ ಫಾರ್ಮ್ ತುಂಬುವವರು ಕಡಿಮೆಯಾಗಿದ್ದಾರೆ. ಆದರೆ ತುಂಬಿದವರು ಫೋನ್ ಎತ್ತುತ್ತಾರೆ.

ಆ ಸೀಸನ್‌ನಲ್ಲಿ ನಂಬರ್ ಕೊಟ್ಟಿದ್ದ ಎಲ್ಲರಿಗೂ ಒಂದು ಸಂದೇಶ ಕಳಿಸಿದ್ದೇವೆ: ನಿಮ್ಮ ನಂಬರ್ ಯಾರಿಗೆ ಹೋಗಿತ್ತು, ಬೇಡದ ಕರೆ ಬಂದರೆ 7 ದಿನದೊಳಗೆ 1909ಕ್ಕೆ ದೂರು ಕೊಡುವುದು ಹೇಗೆ ಅಂತ. ಕೆಲವರು ಬೈದು ಉತ್ತರಿಸಿದರು. ಏಜೆನ್ಸಿಗೆ, ನಮ್ಮಿಂದ ಪಡೆದ ಎಲ್ಲ ವಿವರ ಅಳಿಸಿ ಎಂದು ಬರೆದ ಪತ್ರಕ್ಕೆ ಈವರೆಗೆ ಉತ್ತರ ಬಂದಿಲ್ಲ. ಹಣದಲ್ಲಿ ಒಂದು ಭಾಗ ಬಂದಿದೆ, ಉಳಿದದ್ದು ಮಂಡಳಿಯ ಮುಂದಿದೆ. ಅಲ್ಲಿ ಏನಾಯಿತು ಅಂತ ತೀರ್ಮಾನ ಬಂದ ಮೇಲೆ ಇದೇ ಬರಹದ ಕೆಳಗೆ ಸೇರಿಸುತ್ತೇನೆ.