18 ತುಂಬಿದ ಮೇಲೆ: ಊರಲ್ಲೇ ಚಿಕಿತ್ಸೆಯೋ, ನಿಮ್ಹಾನ್ಸೋ?

ಮಕ್ಕಳ ಮನೋವೈದ್ಯರ ಹತ್ತಿರ ಹೋಗುತ್ತಿದ್ದ ಮಗಳಿಗೆ 18 ತುಂಬುತ್ತಿದೆಯಾ? ಇನ್ನು ದೊಡ್ಡವರ ಮನೋವೈದ್ಯರ ಹತ್ತಿರ ಹೋಗಬೇಕು. ದಾವಣಗೆರೆಯವರಿಗೆ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ.

ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗ, ದೊಡ್ಡವರ ವಿಭಾಗ ಎರಡೂ ಒಂದೇ ಆವರಣದಲ್ಲಿವೆ. ಕಾಯಿಲೆ ಹತೋಟಿಗೆ ಬರುತ್ತಿಲ್ಲ ಅಂದರೆ ಅಲ್ಲಿಗೇ ಹೋಗಿ. ಆದರೆ ಸುಮಾರು 260 ಕಿಲೋಮೀಟರ್ ದೂರ. ಪ್ರತಿ ಸಲ ಕಾಲೇಜು ಬಿಟ್ಟು ರಾತ್ರಿ ಬಸ್ಸು ಹತ್ತುವುದು ಜಾಸ್ತಿ ದಿನ ನಡೆಯಲ್ಲ, ಅಲ್ವಾ? ಮಾತ್ರೆ ತಪ್ಪುವುದೇ ಹೀಗೆ. ಸುಧಾರಿಸಿಕೊಂಡವರಿಗೆ ಊರೇ ವಾಸಿ ಅಂತ ನನಗನ್ನಿಸುತ್ತದೆ. ಹಳೇ ಡಾಕ್ಟರ್ ಹತ್ತಿರ ಪತ್ರ ಬರೆಸಿಕೊಳ್ಳಿ: ಯಾವ ಮಾತ್ರೆ, ಎಷ್ಟು ಡೋಸ್, ಯಾವುದು ಒಗ್ಗಲಿಲ್ಲ.

ಎಲ್ಲಿಗೆ ಹೋದರೂ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ 18ರ ನಂತರ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವಳು ಸಾಮಾನ್ಯವಾಗಿ ಅವಳೇ. ಡಾಕ್ಟರ್ ಕೋಣೆಯೊಳಗೆ ನೀವೂ ಬರಬೇಕಾ ಅಂತ ಅವಳನ್ನೇ ಕೇಳಿ. ನಡುವೆ ಕಷ್ಟ ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.