ಪೈನ್ ಬೆಂಚಿಗೆ ಡೆಕಿಂಗ್ ಆಯಿಲ್: ಮುಂಬಯಿ ಮಳೆಗೆ ತಡೆಯುತ್ತದೆಯೇ?

ಡೊಂಬಿವಲಿ, ಮುಲುಂಡ್ ಕಡೆ ಗ್ಯಾಲರಿಗೆಂದು (ಬಾಲ್ಕನಿಗೆ) ಪೈನ್ ಬೆಂಚು, ಪ್ಯಾಲೆಟ್ (ಸರಕು ಸಾಗಿಸುವ ಮರದ ಚೌಕಟ್ಟು) ಸೋಫಾ ಕೊಳ್ಳುವವರು ಮೊದಲು ಒಂದು ವಿಷಯ ತಿಳಿದಿರಲಿ. ಮಾರುವವರು ಹಲಗೆಯ ಮೇಲಿನ ‘ಎಚ್‌ಟಿ’ ಮುದ್ರೆ ತೋರಿಸಿ ‘ಟ್ರೀಟ್ ಮಾಡಿದ ಮರ’ ಅನ್ನುತ್ತಾರೆ. ಮರದ ಒಳತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ಹುಳ ಕೊಂದಿದ್ದಾರೆ ಎಂಬ ಗುರುತು ಅದು. ಮಳೆಗೆ ಕೊಳೆಯದಿರಲು ಅದರಿಂದ ಏನೂ ಉಪಯೋಗವಿಲ್ಲ.

ಪಾಲಿಶ್‌ನವರು ಸಾಮಾನ್ಯವಾಗಿ ಹೇಳುವುದು ಕ್ಲಿಯರ್ ಪಿಯು, ಅಂದರೆ ಪಾರದರ್ಶಕ ಪಾಲಿಯುರೆಥೇನ್ ವಾರ್ನಿಷ್. ಹೊಡೆದ ದಿನ ಕನ್ನಡಿಯಂತೆ ಹೊಳೆಯುತ್ತದೆ, ನಿಜ. ಆದರೆ ಪೈನ್ ಮೆದು ಮರ, ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮೇಲಿನ ಪೊರೆ ಜೋಡಣೆಗಳಲ್ಲಿ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಸಾಲದ್ದಕ್ಕೆ ಬಿಸಿಲು ಪಾರದರ್ಶಕ ಪೊರೆಯನ್ನು ದಾಟಿ ಕೆಳಗಿನ ಮರವನ್ನೇ ಸವೆಸುತ್ತದೆ. ಆಮೇಲೆ ಪೊರೆ ಸಿಪ್ಪೆಯಾಗಿ ಏಳುತ್ತದೆ, ಪೂರ್ತಿ ಉಜ್ಜಿ ತೆಗೆಯದೆ ಮತ್ತೆ ಹೊಡೆಯುವಂತಿಲ್ಲ. ಬರೀ ಅಗಸೆ ಎಣ್ಣೆಯೂ ಇಲ್ಲಿಗೆ ಬೇಡ: ಒಣಗಲು ದಿನಗಟ್ಟಲೆ, ಮೇಲೆ ಬೂಷ್ಟಿಗೆ ಒಳ್ಳೆಯ ಊಟ.

ಹೊರಗಿಡುವ ಮರಕ್ಕೆ ಹಚ್ಚುವ, ಬಣ್ಣ ಬೆರೆತ ಡೆಕಿಂಗ್ ಆಯಿಲ್‌ಗೇ ನಮ್ಮ ಮತ. ಹೆಚ್ಚು ಬಾಳುತ್ತದೆಂದಲ್ಲ, ಕೆಟ್ಟರೂ ಮರ್ಯಾದೆಯಿಂದ ಕೆಡುತ್ತದೆಂದು! ಸಿಪ್ಪೆ ಏಳುವುದಿಲ್ಲ, ಮಾಸುತ್ತದೆ. ತೊಳೆದು, ಒಣಗಿಸಿ, ವರ್ಷಕ್ಕೊಂದು ಕೋಟು ಕೊಟ್ಟರಾಯಿತು. ತಿಳಿ ಕಂದು ಅಥವಾ ತೇಗದ ಬಣ್ಣ ಆರಿಸಿ. ಬಿಸಿಲು ತಡೆಯುವುದು ಆ ಬಣ್ಣದ ಪುಡಿಯೇ. ಡಬ್ಬಿಯ ಮೇಲೆ ಬೂಷ್ಟು ನಿರೋಧಕ ಸೇರಿದೆಯೇ ನೋಡಿಕೊಳ್ಳಿ.

ಕೆಲಸ ಏಪ್ರಿಲ್–ಮೇನಲ್ಲಿ ಮುಗಿಯಬೇಕು. ತೇವ 20 ಶೇಕಡಾ ದಾಟಿದ ಮರದಲ್ಲಿ ಕೊಳೆ ಶುರುವಾಗಬಹುದು. ಹಚ್ಚುವಾಗ 15ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಆಮೇಲೆ 120, ಅಲ್ಲಿಗೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಎಣ್ಣೆ ಇಳಿಯುವುದಿಲ್ಲ. ನೆರಳಲ್ಲಿ ತೆಳುವಾಗಿ ಹಚ್ಚಿ, 15–20 ನಿಮಿಷ ಬಿಟ್ಟು, ಮರ ಹೀರದೆ ಉಳಿದದ್ದನ್ನೆಲ್ಲ ಬಟ್ಟೆಯಿಂದ ಒರೆಸಿ. ‘ತಿಂಗಳಾದರೂ ಅಂಟಂಟು’ ಎಂಬ ದೂರಿಗೆ ಬಹುಪಾಲು ಕಾರಣ ಈ ಒರೆಸದಿರುವುದೇ. ಮರುದಿನ ಎರಡನೇ ಕೋಟು. ಮೂವರು ಕೂರುವ ಬೆಂಚಿಗೆ ಒಂದು ಲೀಟರ್ ಸಾಕು.

ಎಲ್ಲಕ್ಕಿಂತ ಮುಖ್ಯ ಕಾಲಿನ ಬುಡ. ಅಡ್ಡ ಕೊಯ್ದ ತುದಿ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂದು ಮುಚ್ಚಳದಲ್ಲಿ ಎಣ್ಣೆ ಸುರಿದು, ಪ್ರತಿ ಕಾಲನ್ನೂ ಅದರಲ್ಲಿ ಕುಡಿಯುವಷ್ಟು ಹೊತ್ತು ನಿಲ್ಲಿಸಿ. ಒಣಗಿದ ಮೇಲೆ ನೈಲಾನ್ ಬುಷ್ ಹೊಡೆದು ನೆಲದಿಂದ ಎತ್ತಿಡಿ. ಕಬ್ಬಿಣದ ಸ್ಕ್ರೂ ಬದಲು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಸಮುದ್ರದ ಗಾಳಿ ನೇರ ಬಡಿಯುವ ಕಡೆ 316.

ಡೆಕಿಂಗ್ ಆಯಿಲ್‌ಗೆ ಆಗದ ಕೆಲಸಗಳೂ ಇವೆ. ಗೆದ್ದಲು ತಡೆಯುವುದಿಲ್ಲ, ಆಗಲೇ ಮೆತ್ತಗಾದ ಮರವನ್ನು ಗಟ್ಟಿ ಮಾಡುವುದಿಲ್ಲ. ಪ್ಲಾಸ್ಟಿಕ್ ತಾಡಪತ್ರಿ ಬಿಗಿಯಾಗಿ ಸುತ್ತಿದರೆ ಒಳಗೆ ಬೆವರು ಕಟ್ಟಿ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಹೊದಿಸುವುದಾದರೆ ಕೆಳಗೆ ಗಾಳಿಯಾಡಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಕಸದ ಡಬ್ಬಿಗೆ ಹಾಕಲೇಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ, ಬಯಲಲ್ಲಿ ಬಿಡಿಸಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.